ಕೋಶಗಳನ್ನು ಕಳೆದ ಅಂಗಾಂಶ

ಪ್ರಾಣಿದೇಹವು ಜೀವಕೋಶಗಳಿಂದಾದುದೆಂಬ ಪಾಠ ಎಲ್ಲರಿಗೂ ಪರಿಚಿತವಾದರೂ, ಆ ಕೋಶಗಳು ತಾವೇ ಸ್ರವಿಸಿ, ತಾವೇ ಹೆಣೆದು, ತಾವೇ ನೆಲೆನಿಂತಿರುವ ಕೊಲ್ಯಾಜನ್, ಇಲಾಸ್ಟಿನ್, ಲ್ಯಾಮಿನಿನ್ ಮೊದಲಾದ ಪ್ರೋಟೀನುಗಳ ಸೂಕ್ಷ್ಮ ಹಂದರವೊಂದಿದೆಯೆಂಬುದೂ, ಚರ್ಮದ ಬಿಗಿಗೂ ಧಮನಿಯ ಸ್ಥಿತಿಸ್ಥಾಪಕತ್ವಕ್ಕೂ ಅದೇ ಆಧಾರವೆಂಬುದೂ ಅಷ್ಟಾಗಿ ನೆನಪಿಗೆ ಬರುವುದಿಲ್ಲ. ಅನ್ಯದೇಹದ ಕೋಶಗಳು ಒಳಹೊಕ್ಕೊಡನೆ ರಕ್ಷಣಾವ್ಯವಸ್ಥೆ ಕೆರಳುವುದು ಸಹಜ. ಆದರೆ ಕೊಲ್ಯಾಜನ್ನಿನಂಥ ಪ್ರೋಟೀನುಗಳು ಹಂದಿಯಲ್ಲಿಯೂ ಮನುಷ್ಯನಲ್ಲಿಯೂ ಬಹುಮಟ್ಟಿಗೆ ಒಂದೇ ಬಗೆಯವಾದ ಕಾರಣ, ಕೋಶಗಳನ್ನು ತೊಳೆದು ತೆಗೆದು ಹಂದರವನ್ನಷ್ಟೇ ಉಳಿಸಿಕೊಂಡರೆ ಅದನ್ನು ರೋಗಿಯ ದೇಹ ಒಪ್ಪೀತೆಂಬ ಊಹೆಯಿಂದ ಈ ವಿದ್ಯೆ ಹುಟ್ಟಿತು.

ಇದಕ್ಕೆ ಪೂರ್ವಪೀಠಿಕೆಯಾಗಿ ಒದಗಿದುದು ಅಮೆರಿಕದ ಮೂಳೆವೈದ್ಯ ಮಾರ್ಷಲ್ ಯೂರಿಸ್ಟ್ 1965ರಲ್ಲಿ ಪ್ರಕಟಿಸಿದ ಪ್ರಯೋಗ. ಆಮ್ಲದಿಂದ ಖನಿಜಾಂಶವನ್ನು ಕಳೆದ ನಿರ್ಜೀವ ಮೂಳೆಯನ್ನು ಪ್ರಾಣಿಗಳ ಮಾಂಸಖಂಡದೊಳಗೆ ಹುದುಗಿಸಿದಾಗ, ಮೂಳೆಯಿರಬಾರದ ಆ ಎಡೆಯಲ್ಲಿ ಹೊಸ ಮೂಳೆ ಬೆಳೆಯಿತು. ಹಂದರವು ಕೋಶಗಳಿಗೆ ಆಸರೆಯಾಗುವುದಲ್ಲದೆ ಆದೇಶವನ್ನೂ ಕೊಡಬಲ್ಲದೆಂಬುದು ಇದರಿಂದ ಸೂಚಿತವಾಯಿತು. ಆದರೆ ಆ ದಶಕದ ಶಸ್ತ್ರವೈದ್ಯರು ಹಿಡಿದ ದಾರಿ ಬೇರೆ. ಪ್ಯಾರಿಸ್ಸಿನ ಅಲೇನ್ ಕಾರ್ಪೆಂತಿಯೇ ಹಂದಿಯ ಹೃದಯಕವಾಟವನ್ನು ಗ್ಲೂಟರಾಲ್ಡಿಹೈಡಿನಿಂದ, ಚರ್ಮವನ್ನು ಹದಮಾಡುವ ರೀತಿಯಲ್ಲಿ, ಸಂಸ್ಕರಿಸಿ ಮನುಷ್ಯರಿಗೆ ಜೋಡಿಸಿದರು. ಅಸಂಖ್ಯ ಜೀವಗಳನ್ನುಳಿಸಿದ ಕವಾಟವೇನೋ ಅಹುದು, ಆದರೆ ಅದು ಬೆಳೆಯದು, ದುರಸ್ತಿಗೊಳ್ಳದು, ಕಾಲಾಂತರದಲ್ಲಿ ಸುಣ್ಣಗಟ್ಟುವುದು.

ನಿಜವಾದ ತಿರುವು ಬಂದುದು ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ, ಪಶುವೈದ್ಯಶಾಸ್ತ್ರವನ್ನೂ ಅಭ್ಯಸಿಸಿದ್ದ ಸ್ಟೀಫನ್ ಬ್ಯಾಡಿಲಾಕ್‌ರಿಂದ. ಕೃತಕ ರಕ್ತನಾಳಗಳಿಂದ ತೃಪ್ತರಾಗದೆ, ಸಣ್ಣಕರುಳಿನ ಲೋಳೆಪೊರೆಯ ಕೆಳಗಿನ ತೆಳುಪದರವನ್ನು ಕೊಳವೆಯಾಗಿಸಿ, 1980ರ ದಶಕದ ಉತ್ತರಾರ್ಧದಲ್ಲಿ ಅವರು ಅದನ್ನು ನಾಯಿಯ ಮಹಾಧಮನಿಗೆ ಜೋಡಿಸಿದರು. ಕೊಳವೆ ಒಡೆಯಲಿಲ್ಲವೆಂಬುದೇ ಒಂದು ಆಶ್ಚರ್ಯ; ಕೆಲ ತಿಂಗಳ ತರುವಾಯ ತೆರೆದು ನೋಡಿದಾಗ ಕರುಳಿನ ಕುರುಹೇ ಕಾಣದೆ ಅಲ್ಲಿ ಧಮನಿಯನ್ನು ಹೋಲುವ ಭಿತ್ತಿಯೇ ರೂಪುಗೊಂಡಿದ್ದುದು ಅದಕ್ಕಿಂತ ಮಿಗಿಲಾದ ಆಶ್ಚರ್ಯ. ಹಂದರವು ದೇಹದಲ್ಲಿ ನಿಧಾನವಾಗಿ ಕರಗುವುದು, ಕರಗುವಾಗ ಹೊರಬೀಳುವ ಪ್ರೋಟೀನ್ ತುಣುಕುಗಳು ಸುತ್ತಣ ಕೋಶಗಳನ್ನು ಕರೆತರುವುವು, ಉರಿಯೂತವನ್ನು ಹೆಚ್ಚಿಸುವ ಭಕ್ಷಕಕೋಶಗಳು ದುರಸ್ತಿಯ ಪರವಾಗಿ ತಮ್ಮ ವರ್ತನೆಯನ್ನು ಬದಲಿಸುವುವು: ಈ ವಿವರಣೆ ರೂಪುಗೊಳ್ಳಲು ಮುಂದೆ ಎರಡು ದಶಕಗಳೇ ಹಿಡಿದುವು. ಕರಗಿಹೋಗುವುದೇ ಈ ವಸ್ತುವಿನ ಗುಣ. ಅದನ್ನು ಗಟ್ಟಿಗೊಳಿಸಹೊರಟ ರಾಸಾಯನಿಕಗಳು ಆ ಗುಣವನ್ನೇ ಕೆಡಿಸುತ್ತವೆ.

ತೊಳೆಯುವ ಕಾರ್ಯವಾದರೂ ಸುಲಭದ್ದಲ್ಲ. ಸೋಡಿಯಂ ಡೋಡೆಸೈಲ್ ಸಲ್ಫೇಟಿನಂಥ ತೀಕ್ಷ್ಣ ಮಾರ್ಜಕವು ಕೋಶಗಳನ್ನು ನಿಶ್ಶೇಷವಾಗಿ ತೆಗೆಯಬಲ್ಲುದಾದರೂ ಹಂದರವನ್ನೂ ಸವೆಯಿಸುತ್ತದೆ. ಸೌಮ್ಯವಾದುದನ್ನು ಬಳಸಿದರೆ ಕೋಶಶೇಷ ಉಳಿಯುತ್ತದೆ. ಒಣ ಹಂದರದ ಪ್ರತಿ ಮಿಲಿಗ್ರಾಮಿಗೆ 50 ನ್ಯಾನೋಗ್ರಾಮಿಗಿಂತ ಹೆಚ್ಚು ಡಿ.ಎನ್.ಎ. ಇರಬಾರದೆಂದು ಬ್ಯಾಡಿಲಾಕ್ ಮತ್ತು ಸಂಗಡಿಗರು 2011ರಲ್ಲಿ ಸೂಚಿಸಿದ ಮಿತಿ ಇಂದು ರೂಢಿಯಲ್ಲಿದೆ. ಈ ಬಗೆಯ ಎಚ್ಚರದ ಅಗತ್ಯವನ್ನು ಲೋಕ ಅದಕ್ಕೆ ಮುನ್ನವೇ ದುಃಖದಿಂದ ಕಲಿತಿತ್ತು: ಕೋಶರಹಿತವೆಂದು ನಂಬಿದ್ದ ಹಂದಿಯ ಕವಾಟಗಳನ್ನು ನಾಲ್ವರು ಬಾಲಕರಿಗೆ ಜೋಡಿಸಲಾಗಿ ಮೂವರು ತೀರಿಕೊಂಡರೆಂದು 2003ರಲ್ಲಿ ವಿಯೆನ್ನಾದ ವೈದ್ಯರು ವರದಿಮಾಡಿದರು. ಕವಾಟಗಳಲ್ಲಿ ಉಳಿದಿದ್ದ ಹಂದಿಯ ಕೋಶಶೇಷ ಪರೀಕ್ಷೆಯಲ್ಲಿ ಕಂಡುಬಂದಿತ್ತು.

2008ರಲ್ಲಿ ಮಿನೆಸೋಟದ ಡೋರಿಸ್ ಟೇಲರ್ ಮತ್ತು ಹೆರಾಲ್ಡ್ ಆಟ್ ಇಲಿಯ ಇಡೀ ಹೃದಯವನ್ನು ಅದರ ರಕ್ತನಾಳಗಳ ಮಾರ್ಗವಾಗಿಯೇ ತೊಳೆದು, ಅರೆಪಾರದರ್ಶಕವಾಗಿ ಉಳಿದ ಆ ಹಂದರದೊಳಕ್ಕೆ ನವಜಾತ ಇಲಿಗಳ ಹೃದಯಕೋಶಗಳನ್ನು ಸೇರಿಸಿ, ಎಂಟನೆಯ ದಿನದ ಹೊತ್ತಿಗೆ ಅದು ಮಿಡಿಯುವಂತೆ ಮಾಡಿದುದು ಲೋಕಪ್ರಸಿದ್ಧ ವಾರ್ತೆಯಾಯಿತು. ಆ ಮಿಡಿತದ ಬಲ ಬೆಳೆದ ಹೃದಯದ ನೂರರಲ್ಲಿ ಎರಡು ಪಾಲಿನಷ್ಟೇ ಎಂಬ ಮಾತು ಸಂಭ್ರಮದ ನಡುವೆ ಮಸುಕಾಯಿತು. ಶ್ವಾಸಕೋಶ, ಯಕೃತ್ತು, ಮೂತ್ರಪಿಂಡಗಳ ಹಂದರಗಳೂ ಬೆನ್ನಲ್ಲೇ ಬಂದುವು. 2017ರಲ್ಲಿ ವೂಸ್ಟರಿನ ಸಂಶೋಧಕರು ಪಾಲಕ್ ಎಲೆಯ ಕೋಶಗಳನ್ನೇ ಕಳೆದು ಅದರ ನರಗಳನ್ನು ನಾಳಗಳಾಗಿ ಬಳಸಿದರು, ಅದೊಂದು ಜಾಣ ವಿನೋದ. ಆದರೂ ಕೋಟ್ಯಂತರ ಕೋಶಗಳನ್ನು ಅವುಗಳ ತಕ್ಕ ಎಡೆಗೆ ಸೇರಿಸುವುದೂ, ಕಿರುನಾಳಗಳ ಒಳಮೈಗೆ ಬಿರುಕಿಲ್ಲದ ಕೋಶಪದರವನ್ನು ಹೊದಿಸಿ ರಕ್ತ ಹೆಪ್ಪುಗಟ್ಟದಂತೆ ತಡೆಯುವುದೂ ಸಾಧ್ಯವಾಗದೆ, ಇಡೀ ಅಂಗವನ್ನು ಇಂತು ಕಟ್ಟಿ ರೋಗಿಗೆ ಜೋಡಿಸುವ ಕಾಲ ಇನ್ನೂ ಬಂದಿಲ್ಲ.

ನನ್ನ ಎಣಿಕೆಯಲ್ಲಿ ಈ ವಿದ್ಯೆ ಗೆದ್ದಿರುವುದು ಅಲ್ಪವನ್ನು ಬಯಸಿದೆಡೆಯಲ್ಲಿಯೇ, ಎಂದರೆ ಸುಟ್ಟಗಾಯಕ್ಕೆ ಹೊದಿಸುವ ಚರ್ಮದ ಹಂದರದಲ್ಲಿ, ಅಂಡವಾಯುವಿನ ಶಸ್ತ್ರಕ್ರಿಯೆಯ ಹಾಳೆಯಲ್ಲಿ. ಲಾರಾ ನಿಕ್ಲಸನ್ ಸ್ಥಾಪಿಸಿದ ಸಂಸ್ಥೆ, ಮನುಷ್ಯಕೋಶಗಳಿಂದ ನಾಳವನ್ನು ಬೆಳೆಸಿ ಅನಂತರ ಆ ಕೋಶಗಳನ್ನೇ ತೊಳೆದು ಸಿದ್ಧಪಡಿಸಿದ ರಕ್ತನಾಳಕ್ಕೆ 2024ರ ಡಿಸೆಂಬರಿನಲ್ಲಿ ಅಮೆರಿಕದ ಅನುಮತಿ ದೊರೆಯಿತು. ಗಾಯಗೊಂಡ ಕೈಕಾಲುಗಳ ಧಮನಿಗೆ ಅದರ ಉಪಯೋಗ. ನಮ್ಮ ದೇಶದಲ್ಲಿಯೂ ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆ ಹಂದಿಯ ಪಿತ್ತಕೋಶದಿಂದ ಇಂಥ ಹಾಳೆಯನ್ನು ತಯಾರಿಸಿ ಕೋಲೆಡರ್ಮ್ ಎಂದು ಹೆಸರಿಟ್ಟಿತು. ಚರ್ಮದ ಗಾಯಗಳಿಗೆ ಮೀಸಲಾದ ಅದಕ್ಕೆ 2023ರಲ್ಲಿ ಕೇಂದ್ರದ ಔಷಧನಿಯಂತ್ರಕರ ಒಪ್ಪಿಗೆ ದೊರೆಯಿತು. ಹಾಳೆಗಿಂತ ಸೂಜಿಯಿಂದ ಚುಚ್ಚಬಹುದಾದ ಲೇಹ್ಯರೂಪವೇ ಲೇಸೆಂದು ಶಸ್ತ್ರವೈದ್ಯರು ಬಯಸುವುದರಿಂದ, ಅಲ್ಲಿನ ಸಂಶೋಧಕರು ಈಗ ಆ ದಿಕ್ಕಿನಲ್ಲಿ ತೊಡಗಿದ್ದಾರೆ.