ಅಜ್ಜಿಯ ಪಾವು, ಸರ್ಕಾರದ 0.8

ಏಳನೇ ಕೇಂದ್ರ ವೇತನ ಆಯೋಗದ ವರದಿಯನ್ನು ಯಾರೂ ಖುಷಿಗೆ ಓದೋದಿಲ್ಲ. ನಾನು ಓದಿದ್ದು ಕೂಡ ಆಫೀಸಿನಲ್ಲಿ ನಡೆದ ಒಂದು ವಾದ ಗೆಲ್ಲೋದಕ್ಕೆ. ಕನಿಷ್ಠ ಸಂಬಳ ತಿಂಗಳಿಗೆ 18,000 ರೂಪಾಯಿ ಅಂತ ಹೇಗೆ ಬಂತು ಎಂದು ವಿವರಿಸುವ ಕಡೆ ಅದರಲ್ಲೊಂದು ಪಟ್ಟಿ ಇದೆ. ನೋಡಿದರೆ ಅಪ್ಪಟ ದಿನಸಿ ಚೀಟಿ! ಒಂದು ಯೂನಿಟ್‌ಗೆ ದಿನಕ್ಕೆ ಅಕ್ಕಿ ಅಥವಾ ಗೋಧಿ 475 ಗ್ರಾಂ, ಬೇಳೆ 80 ಗ್ರಾಂ, ಹಾಲು 200 ಮಿಲಿ, ಎಣ್ಣೆ 40 ಗ್ರಾಂ, ಆಮೇಲೆ ತರಕಾರಿ, ಸೊಪ್ಪು, ಹಣ್ಣು, ಸಕ್ಕರೆ, ಮೊಟ್ಟೆ, ಮೀನು, ಮಾಂಸ.

ಯೂನಿಟ್ ಅಂದರೆ ಒಬ್ಬ ಮನುಷ್ಯ ಅಂದುಕೊಂಡಿದ್ದೆ. ಹಾಗಲ್ಲವಂತೆ. ಗಂಡ 1. ಹೆಂಡತಿ 0.8. ಇಬ್ಬರು ಮಕ್ಕಳು ತಲಾ 0.6. ಕೂಡಿಸಿ ನೋಡಿ, ಸರಿಯಾಗಿ ಮೂರು. ದೇಶದ ಸಂಬಳದ ಲೆಕ್ಕದಲ್ಲಿ ನಾಲ್ಕು ಜನರ ಮನೆ ಅಂದರೆ ಮೂರು ಹೊಟ್ಟೆ.

ಆ 0.8 ನೋಡಿದ ಕೂಡಲೇ ನೆನಪಾದದ್ದು ಭದ್ರಾವತಿಯ ನನ್ನ ಅಜ್ಜಿ, ಅವಳ ಹಿತ್ತಾಳೆ ಪಾವು.

ಈ ಲೆಕ್ಕದ ಹಿಂದೆ ಇರುವವನು ವಾಲೆಸ್ ಅಯ್ಕ್ರಾಯ್ಡ್. ನೀಲಗಿರಿಯ ಕೂನೂರಿನಲ್ಲಿದ್ದ ಪೌಷ್ಟಿಕತಾ ಪ್ರಯೋಗಾಲಯಕ್ಕೆ 1935ರಿಂದ ಹತ್ತು ವರ್ಷ ನಿರ್ದೇಶಕನಾಗಿದ್ದ. ನಮ್ಮ ರಾಗಿ, ಅಕ್ಕಿ, ಬೇಳೆ, ಸೊಪ್ಪುಗಳಲ್ಲಿ ಏನೇನಿದೆ ಎಂದು ಅಳೆಸಿ ಪಟ್ಟಿ ಮಾಡಿಸಿದವನು. ಬಂಗಾಳದ ಬರಗಾಲದ ವಿಚಾರಣಾ ಆಯೋಗದಲ್ಲೂ ಇದ್ದ. ಸತ್ತವರು 15 ಲಕ್ಷ ಎಂದು ಆಯೋಗ ಬರೆದದ್ದು ಕಡಿಮೆಯಾಯಿತು ಅಂತ ಎಷ್ಟೋ ವರ್ಷಗಳ ಮೇಲೆ ತಾನೇ ಒಪ್ಪಿಕೊಂಡ. 1957ರಲ್ಲಿ ದೆಹಲಿಯಲ್ಲಿ ಸೇರಿದ 15ನೇ ಭಾರತೀಯ ಕಾರ್ಮಿಕ ಸಮ್ಮೇಳನ ಅವನ ಲೆಕ್ಕವನ್ನೇ ಹಿಡಿದು, ಸಂಬಳ ಅಂದರೆ ಕನಿಷ್ಠ ಇಷ್ಟಕ್ಕೆ ಸಾಕಾಗಬೇಕು ಎಂದು ಗೆರೆ ಎಳೆಯಿತು. ವಯಸ್ಕನಿಗೆ 2,700 ಕ್ಯಾಲರಿ. ಮನೆಗೆ ವರ್ಷಕ್ಕೆ 72 ಗಜ ಬಟ್ಟೆ. ಮನೆ ಬಾಡಿಗೆ. ಸೌದೆ, ದೀಪ ಮತ್ತು ಇತರ ಚಿಲ್ಲರೆ ಖರ್ಚಿಗೆ ಒಟ್ಟು ಸಂಬಳದ ನೂರಕ್ಕೆ ಇಪ್ಪತ್ತು. ಹೆಂಗಸರ, ಮಕ್ಕಳ ದುಡಿಮೆಯನ್ನು ಲೆಕ್ಕಕ್ಕೆ ಹಿಡಿಯಬಾರದು.

ಕೊನೆಯ ಮಾತು ಒಳ್ಳೆಯ ಉದ್ದೇಶದ್ದೇ. ಹೆಂಡತಿಯೂ ದುಡೀತಾಳಲ್ಲ ಅಂತ ಹೇಳಿ ಮಾಲೀಕ ಸಂಬಳ ಕತ್ತರಿಸಬಾರದು, ಅಷ್ಟೇ. ಕಾರ್ಮಿಕ ಸಂಘಗಳು ದಶಕಗಳ ಕಾಲ ಈ ಸೂತ್ರ ಹಿಡಿದುಕೊಂಡೇ ಜಗಳ ಆಡಿವೆ. ಮಕ್ಕಳ ಓದು, ಔಷಧಿ, ಹಬ್ಬ, ಮದುವೆ, ಮುಪ್ಪು, ಇವಕ್ಕೆ ಇನ್ನೊಂದು ನೂರಕ್ಕೆ ಇಪ್ಪತ್ತೈದು ಸೇರಿಸಿ ಎಂದು ಸುಪ್ರೀಂ ಕೋರ್ಟ್ ಹೇಳುವ ಹೊತ್ತಿಗೆ 1991 ಬಂದಿತ್ತು. ಆದರೆ ಆ 475 ಗ್ರಾಂ ಅಕ್ಕಿಯನ್ನು ಅನ್ನ ಮಾಡೋದು ಯಾರು, ತಿಂಗಳ ಮೂವತ್ತನೇ ತಾರೀಕಿನವರೆಗೂ ಅದನ್ನು ಎಳೆಯೋದು ಯಾರು ಎಂಬುದಕ್ಕೆ ಸೂತ್ರದಲ್ಲಿ ಕಲಂ ಇಲ್ಲ.

ಭದ್ರಾವತಿ ಸಂಬಳದಿಂದಲೇ ಹುಟ್ಟಿದ ಊರು. ಮೊದಲು ಅದು ಬೆಂಕಿಪುರ. ವಿಶ್ವೇಶ್ವರಯ್ಯನವರ ಕನಸಿನ ಮೈಸೂರು ಕಬ್ಬಿಣದ ಕಾರ್ಖಾನೆ 1923ರ ಜನವರಿಯಲ್ಲಿ ಉತ್ಪಾದನೆ ಶುರು ಮಾಡಿತು. ಕೆಮ್ಮಣ್ಣುಗುಂಡಿಯಿಂದ ಅದಿರು, ಸುತ್ತಲಿನ ಕಾಡಿನಿಂದ ಇದ್ದಿಲು. 1936ರಲ್ಲಿ ಕಾಗದದ ಕಾರ್ಖಾನೆಯೂ ಸೇರಿತು. ಕೆಲಸ ಹುಡುಕಿ ತಮಿಳರು ಬಂದರು, ತೆಲುಗರು, ಮಲಯಾಳಿಗಳು ಬಂದರು, ಬಯಲುಸೀಮೆಯ ನಮ್ಮಂಥವರು ಬಂದರು. ಹದಿನೆಂಟು ಕಿಲೋಮೀಟರ್ ಆಚೆಯ ಶಿವಮೊಗ್ಗದಲ್ಲಿ ಗಾಂಧಿ ಬಜಾರಿನ ವ್ಯಾಪಾರಿ ಇದ್ದ, ಅಡಿಕೆ ಮಂಡಿ ಇತ್ತು, ಗದ್ದೆ ತೋಟ ಇರುವ ನೆಂಟರ ಮನೆಯಿಂದ ಮೂಟೆಯಲ್ಲಿ ಅಕ್ಕಿ ಬರುವ ಮನೆಗಳಿದ್ದವು. ಭದ್ರಾವತಿಯ ಕ್ವಾರ್ಟರ್ಸ್‌ನಲ್ಲಿ ಇದ್ದದ್ದು ಸಂಬಳದ ದಿನ ಮಾತ್ರ. ಹಾಗಾಗಿ ಅಲ್ಲಿನ ಅಡುಗೆಗೆ ಋತುಮಾನಕ್ಕಿಂತ ತಾರೀಕು ಮುಖ್ಯ. ನಮ್ಮಮ್ಮ ಹೇಳೋ ಪ್ರಕಾರ ಒಂದನೇ ತಾರೀಕಿನಿಂದ ಹತ್ತರವರೆಗೆ ತೊಗರಿಬೇಳೆ, ಇಪ್ಪತ್ತರವರೆಗೆ ಹುರುಳಿ, ಆಮೇಲೆ ಸೊಪ್ಪು ಮತ್ತು ದೇವರು.

ಅಜ್ಜ ಕಬ್ಬಿಣದ ಕಾರ್ಖಾನೆಯಲ್ಲಿದ್ದರು. ಮನೆಯಲ್ಲಿ ಏಳು ಜನ. ಸರ್ಕಾರದ ಮೂರು ಯೂನಿಟ್ ಲೆಕ್ಕಕ್ಕೆ ಅಜ್ಜನ ಅಮ್ಮ ಬರೋದಿಲ್ಲ, ಮೂರನೇ, ನಾಲ್ಕನೇ ಮಗು ಬರೋದಿಲ್ಲ. ತಟ್ಟೆ ಹಿಡಿದು ಮಾತ್ರ ಎಲ್ಲರೂ ಬರ್ತಾರೆ!

ಅಜ್ಜಿ ಬೆಳಗ್ಗೆ ಪಾವಿನಲ್ಲಿ ಅಕ್ಕಿ ಅಳೆದು ಮೊರಕ್ಕೆ ಹಾಕೋಳು. ಅದರಲ್ಲಿ ಒಂದು ಹಿಡಿ ತೆಗೆದು ಬೇರೆ ಗಡಿಗೆಗೆ ಹಾಕೋಳು. ದಿನಾ ಒಂದು ಹಿಡಿ. ತಿಂಗಳ ಕೊನೆಯ ನಾಲ್ಕು ದಿನದ ಅನ್ನ ಆ ಗಡಿಗೆಯದು. ತೂಕ, ಅಳತೆಯ ಮೆಟ್ರಿಕ್ ಕಾಯಿದೆ 1956ರಲ್ಲೇ ಬಂದು, ಅಂಗಡಿಗಳು ನಿಧಾನಕ್ಕೆ ಕೆಜಿಗೆ ಹೊರಳಿದರೂ ಅವಳು ಸೇರು, ಅಚ್ಚೇರು, ಪಾವು, ಚಟಾಕು ಬಿಡಲಿಲ್ಲ. ಅಂಗಡಿಯವನು ಕೆಜಿಯಲ್ಲಿ ಕೊಟ್ಟದ್ದನ್ನು ಮನೆಗೆ ತಂದು ಮತ್ತೆ ಪಾವಿನಲ್ಲಿ ಅಳೆದು ಗೋಡೆಯ ಮೇಲೆ ಇದ್ದಿಲಲ್ಲಿ ಗೀಟು ಹಾಕೋಳು. ನಮ್ಮ ಎಕ್ಸೆಲ್ ಶೀಟ್ ಇದ್ದ ಹಾಗೆ. ವರ್ಷಕ್ಕೊಂದು ಸಲ ಸುಣ್ಣ ಬಳಿದರೆ ಡಿಲೀಟ್.

ಅವಳ ನಿಜವಾದ ಜಾಣತನ ಒಲೆಯಲ್ಲಿತ್ತು. ಸಾಮಿಲ್‌ಗಳಿದ್ದ ಊರಲ್ಲಿ ಮರದ ಹೊಟ್ಟು ಅಗ್ಗ. ತಗಡಿನ ಡಬ್ಬದ ನಡುವೆ ಬಾಟಲಿ ನಿಲ್ಲಿಸಿ, ಕೆಳಗಿನ ತೂತಿಗೊಂದು ಕೋಲು ಇಟ್ಟು, ಸುತ್ತ ಹೊಟ್ಟನ್ನು ಗಟ್ಟಿಯಾಗಿ ತುಳಿದು, ಮೆಲ್ಲಗೆ ಬಾಟಲಿ ಮತ್ತು ಕೋಲು ಎಳೆದರೆ ಒಲೆ ತಯಾರು. ಒಮ್ಮೆ ಹೊತ್ತಿಸಿದರೆ ಗಂಟೆಗಟ್ಟಲೆ ಒಂದೇ ಹದದಲ್ಲಿ ಉರಿಯುತ್ತೆ. ಆದರೆ ಆರಿಸಿ ಮತ್ತೆ ಹೊತ್ತಿಸೋ ಹಾಗಿಲ್ಲ. ಅದಕ್ಕೇ ಅನ್ನ, ಸಾರು, ಮಕ್ಕಳ ಸ್ನಾನದ ನೀರು, ಎಲ್ಲಾ ಒಂದರ ಹಿಂದೆ ಒಂದು ಸಾಲಾಗಿ. ಬಸ್ಸಾರು ಅಂಥ ಒಲೆಗೇ ಹೇಳಿ ಮಾಡಿಸಿದ ಅಡುಗೆ. ಸೊಪ್ಪು, ಕಾಳು ಒಟ್ಟಿಗೆ ಬೇಯಿಸಿ ನೀರು ಬಸಿದರೆ ಆ ನೀರು ಸಾರು, ಉಳಿದದ್ದು ಪಲ್ಯ. ಒಂದು ಪಾತ್ರೆ, ಒಂದು ಉರಿ, ಎರಡು ಪದಾರ್ಥ. ಈಗ ಇದೇ ಬಸ್ಸಾರು ನಮ್ಮ ಬೆಂಗಳೂರಿನ ಹೋಟೆಲುಗಳಲ್ಲಿ ‘ಅಥೆಂಟಿಕ್’ ಆಗಿದೆ, ಬಿಡಿ.

ಮಳೆ ಶುರುವಾದರೆ ಮಲೆನಾಡು ತನ್ನ ಪಾಲು ಕೊಡ್ತಿತ್ತು. ಕೆಸುವಿನ ಸೊಪ್ಪು, ಕಳಲೆ, ಹಲಸಿನ ಬೀಜ. ಪಕ್ಕದ ಮನೆಯ ತಮಿಳಿನವರು ಅಜ್ಜಿಗೆ ನುಗ್ಗೆಸೊಪ್ಪು ಹುರಿಯೋದು ಹೇಳಿಕೊಟ್ಟರು. ಅನ್ನಕ್ಕೆ ಒಗ್ಗದ ಸೊಸೈಟಿ ಅಕ್ಕಿಯನ್ನು ಇಡ್ಲಿಗೆ ನೆನೆಹಾಕೋದನ್ನೂ ಅವರೇ ಹೇಳಿಕೊಟ್ಟದ್ದು.

ಸೊಸೈಟಿ ಅಂದೆನಲ್ಲ, ಅದರ ಕತೆ ಯುದ್ಧದಿಂದ ಶುರುವಾಗುತ್ತೆ. 1942ರಲ್ಲಿ ಜಪಾನ್ ಬರ್ಮಾ ಹಿಡಿದಾಗ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಮೈಸೂರು ಸಂಸ್ಥಾನದಲ್ಲೂ ರೇಷನ್ನು, ರೈತರ ಮೇಲೆ ಲೆವಿ. ಹಳಬರು ಆ ದಿನಗಳನ್ನು ‘ಕಂಟ್ರೋಲ್ ಕಾಲ’ ಅಂತಲೇ ಕರೀತಿದ್ದರು. ಐವತ್ತರ ದಶಕದಲ್ಲಿ ರಫಿ ಅಹ್ಮದ್ ಕಿದ್ವಾಯಿ ಕಂಟ್ರೋಲ್ ತೆಗೆದರು. ಹತ್ತು ವರ್ಷ ಕಳೆಯುವಷ್ಟರಲ್ಲಿ ಮಳೆ ಕೈಕೊಟ್ಟು ದೇಶ ಮತ್ತೆ ಸಾಲಿನಲ್ಲಿ ನಿಂತಿತು. ಪಿ.ಎಲ್. 480ರ ಅಮೆರಿಕದ ಗೋಧಿ ರಾಗಿ ಮುದ್ದೆಯ ಮನೆಗಳಿಗೆ ಬಂದದ್ದು ಆಗಲೇ. ಅಜ್ಜಿಗೆ ಚಪಾತಿ ಗೊತ್ತಿರಲಿಲ್ಲ. ಗೋಧಿಯನ್ನು ನುಚ್ಚು ಮಾಡಿ ಗಂಜಿ ಕಾಯಿಸಿದಳು, ರಾಗಿಹಿಟ್ಟಿಗೆ ಬೆರೆಸಿ ಮುದ್ದೆ ತಿರುವಿದಳು. ಮಕ್ಕಳು ಶಾಲೆಯಲ್ಲಿ ಕೇರ್‌ನವರ ಹಳದಿ ಉಪ್ಪಿಟ್ಟು ತಿಂದು ಬರೋರು. ಅಂದರೆ ಮನೆಯಲ್ಲಿ ಮಧ್ಯಾಹ್ನದ ಅಳತೆಯಿಂದ ಅರ್ಧ ಪಾವು ಉಳೀತು. 1965ರಲ್ಲಿ ಪ್ರಧಾನಿ ಶಾಸ್ತ್ರಿಯವರು ಸೋಮವಾರ ರಾತ್ರಿ ಊಟ ಬಿಡಿ ಎಂದು ದೇಶಕ್ಕೆ ಕರೆ ಕೊಟ್ಟರು. ಅಜ್ಜಿ ಕೇಳಿದ್ದಳಂತೆ: “ಬರೀ ಸೋಮವಾರಾನಾ?”

ಅಜ್ಜನ ಒಂದು ಹೊತ್ತು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಕಳೀತಿತ್ತು. 1948ರ ಕಾರ್ಖಾನೆ ಕಾಯಿದೆ ಪ್ರಕಾರ 250ಕ್ಕಿಂತ ಹೆಚ್ಚು ಕಾರ್ಮಿಕರಿದ್ದ ಕಡೆ ಕ್ಯಾಂಟೀನ್ ಇರಲೇಬೇಕಿತ್ತು, ಲಾಭ ಇಟ್ಟುಕೊಳ್ಳದೆ ಊಟ ಕೊಡಬೇಕಿತ್ತು. ಇದು ಸಂಬಳದ ಚೀಟಿಯಲ್ಲಿ ಕಾಣದ ಸಂಬಳ. ಅಜ್ಜ ಅಲ್ಲಿನ ಬನ್ನನ್ನು ತಾವು ತಿನ್ನದೆ ಜೇಬಿನಲ್ಲಿಟ್ಟುಕೊಂಡು ತರೋರು. ನಾಲ್ಕು ಮಕ್ಕಳಿಗೆ ಅದನ್ನು ದಾರದಲ್ಲಿ ಕೊಯ್ದು ಸಮಪಾಲು ಮಾಡ್ತಿದ್ದಳು ಅಜ್ಜಿ. ಚಾಕುವಿನಲ್ಲಿ ಕೊಯ್ದರೆ ಪುಡಿ ಉದುರಿ ನಷ್ಟ!

ಅಳತೆ ಅಂದಾಗ ಇದೇ ಜಿಲ್ಲೆಯ ಇನ್ನೊಂದು ಪಾತ್ರೆಯನ್ನು ಬಿಟ್ಟು ಮುಂದೆ ಹೋಗೋಕೆ ಆಗಲ್ಲ. ಸಾಗರದ ಹತ್ತಿರದ ಕಾಗೋಡಿನಲ್ಲಿ ಗೇಣಿ ಬತ್ತ ಅಳೆಯೋ ಒಡೆಯರ ಕೊಳಗ ಮಾಮೂಲಿ ಕೊಳಗಕ್ಕಿಂತ ದೊಡ್ಡದಿತ್ತು. ಹೆಸರು ಒಂದೇ, ಹೊಟ್ಟೆ ಬೇರೆ. ರೈತರು ಅದಕ್ಕೆ ತಕರಾರು ತೆಗೆದು 1951ರಲ್ಲಿ ಸತ್ಯಾಗ್ರಹಕ್ಕೆ ಇಳಿದರು. ಶಾಂತವೇರಿ ಗೋಪಾಲಗೌಡರು ಅದರೊಳಗಿದ್ದರು; ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಅದೇ ಲೋಹಿಯಾ 1963ರಲ್ಲಿ ಲೋಕಸಭೆಯಲ್ಲಿ ನಿಂತು, ದೇಶದ 27 ಕೋಟಿ ಜನ ದಿನಕ್ಕೆ ಮೂರಾಣೆಯಲ್ಲಿ ಬದುಕ್ತಿದ್ದಾರೆ ಎಂದರು. ನೆಹರೂ ಹದಿನೈದಾಣೆ ಎಂದರು. ಬಡವನ ದಿನದ ಖರ್ಚು ಎಷ್ಟು ಅಂತ ಸಂಸತ್ತು ಅಷ್ಟು ಬಿಸಿಯಾಗಿ ಕಾದಾಡಿದ್ದು ಅಪರೂಪ. ಆ ಆಣೆಗಳನ್ನು ದಿನಾ ಎಣಿಸುತ್ತಿದ್ದ ಹೆಂಗಸರನ್ನು ಕೇಳಿದ್ದರೆ ಉತ್ತರ ಬೇಗ ಸಿಗುತ್ತಿತ್ತೇನೋ.

ಈಗಿನ ಮಾತಿಗೆ ಬರ್ತೀನಿ. ಕಾಗದದ ಕಾರ್ಖಾನೆಯ ಯಂತ್ರಗಳು 2015ರ ಹೊತ್ತಿಗೆ ನಿಂತವು. ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಬಂತು. ಗುತ್ತಿಗೆ ಕಾರ್ಮಿಕರು ಧರಣಿ ಕೂತರು, ಆಮೇಲೆ ಸ್ವಲ್ಪ ಕೆಲಸ ಮತ್ತೆ ಶುರುವಾಯಿತು. ಒಂದನೇ ತಾರೀಕಿನ ಮೇಲೆ ನಿಂತಿದ್ದ ಊರಿಗೆ ಒಂದನೇ ತಾರೀಕೇ ಅನುಮಾನವಾಯಿತು. ಇದೇ ಹೊತ್ತಲ್ಲಿ ಇನ್ನೊಂದು ಕಡೆಯಿಂದ ಅಕ್ಕಿ ಬಂತು. 2013ರ ಜುಲೈನಲ್ಲಿ ಅನ್ನಭಾಗ್ಯ, ಕೆಜಿಗೆ ಒಂದು ರೂಪಾಯಿ. 2015ರಿಂದ ಉಚಿತ. 2023ರಲ್ಲಿ ತಲೆಗೆ ಹತ್ತು ಕೆಜಿ ಕೊಡ್ತೀವಿ ಅಂದು, ಐದು ಕೆಜಿಗೆ ಅಕ್ಕಿ ಸಿಗದೆ ತಲೆಗೆ 170 ರೂಪಾಯಿ ದುಡ್ಡು ಹಾಕಿದರು. 2025ರ ಫೆಬ್ರವರಿಯಲ್ಲಿ ಆ ದುಡ್ಡಿನ ಬದಲೂ ಅಕ್ಕಿಯೇ ಬಂತು.

ಇಲ್ಲಿ ಒಂದು ಚಿಕ್ಕ ಲೆಕ್ಕ ಮಾಡಿ. ಆಗ ನಾಲ್ಕು ಜನಕ್ಕೆ ತಿಂಗಳಿಗೆ 40 ಕೆಜಿ ಅಕ್ಕಿ. ಅಯ್ಕ್ರಾಯ್ಡ್‌ನ ಮೂರು ಯೂನಿಟ್ ಮನೆಗೆ ಬೇಕಾದ ಧಾನ್ಯ 42.75 ಕೆಜಿ. ಹೆಚ್ಚುಕಮ್ಮಿ ಒಂದೇ! ನಮ್ಮ ಆಫೀಸಿನಲ್ಲಿ ‘ಬಿಟ್ಟಿ ಅಕ್ಕಿ’ ಅಂತ ಮೂಗು ಮುರಿಯುವವರಿಗೆ ನಾನು ಇದನ್ನು ತೋರಿಸ್ತೀನಿ. ಕೂಲಿ ಕೊಡುವ ಕನಿಷ್ಠ ಸಂಬಳದಿಂದ ಬರಬೇಕಾದ ಧಾನ್ಯ ಸೊಸೈಟಿಯಿಂದ ಬಂತು, ಅಷ್ಟೇ. ಪಟ್ಟಿಯ ಉಳಿದ ಸಾಲುಗಳು ಇದ್ದಲ್ಲೇ ಇದ್ದವು. ತಿಂಗಳಿಗೆ ಬೇಳೆ 7.2 ಕೆಜಿ, ಎಣ್ಣೆ 3.6 ಕೆಜಿ, ಹಾಲು 18 ಲೀಟರ್, ಮೊಟ್ಟೆ 90. ನಿಮ್ಮ ಆಪ್‌ನಲ್ಲಿ ಇವಿಷ್ಟನ್ನೂ ಕಾರ್ಟಿಗೆ ಹಾಕಿ ಒಮ್ಮೆ ಮೊತ್ತ ನೋಡಿ.

ಹೊಸಮನೆಯಲ್ಲಿ ನನ್ನ ಚಿಕ್ಕಮ್ಮ ಇದ್ದಾರೆ. ಚಿಕ್ಕಪ್ಪನದು ಗುತ್ತಿಗೆ ಕೆಲಸ, ಇದ್ದರೆ ಉಂಟು. “ಅಕ್ಕಿಗೇನೂ ತೊಂದ್ರೆ ಇಲ್ಲ ಕಣೇ,” ಅಂದರು ಹೋದ ಸಲ. “ಅನ್ನದ ಮೇಲೆ ಏನು ಹಾಕೋದು ಅಂತ ಹೇಳು.” ದುಡ್ಡು ಬರ್ತಿದ್ದ ತಿಂಗಳುಗಳಲ್ಲಿ ಅದನ್ನು ಬೇಳೆಗೆ ಅಂತಲೇ ತೆಗೆದಿಡ್ತಿದ್ದರಂತೆ. ಒಲೆಯ ಮೇಲೆ ಹುರುಳಿ ಬೇಯ್ತಿತ್ತು. ತಾರೀಕು ಹದಿನೆಂಟು.

ಅವರಿಗೆ 0.8ರ ವಿಷಯ ಹೇಳಿದೆ. ನಗಲಿಲ್ಲ. “ಅಷ್ಟಾದ್ರೂ ಬರೆದಿದಾರಲ್ಲ,” ಅಂದರು. ಅಜ್ಜಿ ಎಷ್ಟು ಊಟ ಮಾಡ್ತಿದ್ದಳು ಅಂತ ಕೇಳಿದೆ. ಚಿಕ್ಕಮ್ಮ ಸ್ವಲ್ಪ ಹೊತ್ತು ಯೋಚನೆ ಮಾಡಿದರು.

“ಅಮ್ಮ ಊಟಕ್ಕೆ ಕೂತಿದ್ದನ್ನ ನಾವ್ಯಾರು ನೋಡಿದ್ವಿ? ಎಲ್ಲರದೂ ಆದ್ಮೇಲೆ ಪಾತ್ರೆ ಎತ್ತಿಕೊಂಡು ಒಳಗೆ ಹೋಗೋಳು.”

ಹೊರಡೋವಾಗ ಅಟ್ಟದಿಂದ ಪಾವನ್ನು ಇಳಿಸಿ ಸೆರಗಿನಲ್ಲಿ ಒರೆಸಿ ಕೊಟ್ಟರು. ಎಷ್ಟೋ ವರ್ಷ ನೆಲಕ್ಕೆ ಕುಟ್ಟಿ ಕುಟ್ಟಿ ತಳ ಒಳಗೆ ಹೋಗಿದೆ. “ಇದರಲ್ಲಿ ಅಳೆದ್ರೆ ಚೂರು ಕಮ್ಮಿ ಬೀಳತ್ತೆ, ನೋಡ್ಕೋ,” ಅಂದರು.