ಜಕಾತಿ ನಾಕಾ, ನೆಹರು ಗಂಜ್ ಮತ್ತು 1973ರ ಒಂದು ಸಮಿತಿ

ಮಲ್ಲಿಕಾರ್ಜುನ ಖರ್ಗೆಯವರ ಹೆಸರೆತ್ತಿದರೆ ಕಲಬುರಗಿಯಲ್ಲಿ ಮಾತು ಸಂವಿಧಾನದ 371(ಜೆ) ಕಲಮಿನತ್ತ ಹೊರಳುತ್ತದೆ. ಕಾಲೇಜು ಸೀಟು, ನೌಕರಿಗಳಲ್ಲಿ ಈ ಭಾಗದವರಿಗೆ ಮೀಸಲಾತಿಯ ದಾರಿ ತೆರೆದ ತಿದ್ದುಪಡಿ ಅದು. ಅದರ ಮಹತ್ವ ನಿರ್ವಿವಾದ. ಅದಕ್ಕಿಂತ ನಾಲ್ಕು ದಶಕ ಹಿಂದಿನ ಒಂದು ಕೆಲಸವನ್ನು, ಇಲ್ಲಿನ ದವಸ ಮಾರುಕಟ್ಟೆ ನೆಹರು ಗಂಜಿನ ಕಡೆಯಿಂದ ನೋಡಿ, ಇಲ್ಲಿ ಗುರುತಿಸುತ್ತಿದ್ದೇನೆ.

1942ರಲ್ಲಿ ಭಾಲ್ಕಿ ತಾಲ್ಲೂಕಿನ ವರವಟ್ಟಿಯಲ್ಲಿ ಹುಟ್ಟಿದ ಖರ್ಗೆ, ಹೈದರಾಬಾದ್ ನಿಜಾಮನ ಪರವಾಗಿದ್ದ ರಜಾಕಾರರ ಹಾವಳಿಯಲ್ಲಿ ತಾಯಿಯನ್ನು ಕಳೆದುಕೊಂಡು ತಂದೆಯೊಡನೆ ಕಲಬುರಗಿ ಸೇರಿದರು. ಕಾನೂನು ಓದಿ, 1969ರಲ್ಲಿ ಎಂ.ಎಸ್.ಕೆ. ಮಿಲ್ ಕಾರ್ಮಿಕರ ಸಂಘಕ್ಕೆ ಕಾನೂನು ಸಲಹೆಗಾರರಾದರು. 1972ರಲ್ಲಿ ಗುರುಮಠಕಲ್‌ನಿಂದ ಶಾಸಕ. ಮರುವರ್ಷವೇ ಜಕಾತಿ ರದ್ದತಿ ಸಮಿತಿಯ ಅಧ್ಯಕ್ಷತೆ ಅವರ ಪಾಲಿಗೆ ಬಂತು.

ಇಲ್ಲಿ ಎರಡು ವಸೂಲಿಗಳನ್ನು ಬೆರೆಸಬಾರದು. ಗಂಜಿನೊಳಗೆ ತೊಗರಿ ಮಾರಾಟವಾದಾಗ ಎಪಿಎಂಸಿ ಪಡೆಯುವ ಸೆಸ್ ಬೇರೆ. ಊರ ಹದ್ದಿನೊಳಗೆ ಬಳಕೆಗೋ ಮಾರಾಟಕ್ಕೋ ಬರುವ ಸರಕಿನ ಮೇಲೆ ಪುರಸಭೆ ನಾಕಾದಲ್ಲಿ ಹಾಕುತ್ತಿದ್ದ ಜಕಾತಿ ಬೇರೆ. ಜಕಾತಿಯ ತೊಂದರೆ ದರಕ್ಕಷ್ಟೇ ಸೀಮಿತವಾಗಿರಲಿಲ್ಲ: ಗಾಡಿ ನಿಲ್ಲಬೇಕಿತ್ತು, ಸರಕು ತಪಾಸಣೆಯಾಗಬೇಕಿತ್ತು, ಪಾವತಿ ಬರೆಸಬೇಕಿತ್ತು. ಹಳ್ಳಿಗಾಡಿನ ಚೀಲಗಳನ್ನೇ ನಂಬಿದ ಅಡತ್ ಅಂಗಡಿ, ಹಮಾಲರ ದಿನಗೂಲಿ, ಎರಡಕ್ಕೂ ಆ ಹೊತ್ತು ನಷ್ಟವೇ ಆಗಿತ್ತು.

ಆದರೆ ಬೀದಿದೀಪ, ನಲ್ಲಿ, ಪೌರಕಾರ್ಮಿಕರ ಸಂಬಳಕ್ಕೆ ಪುರಸಭೆಗಳು ನೆಚ್ಚಿದ್ದೂ ಇದೇ ಆದಾಯವನ್ನು. ಹಾಗಾಗಿ ಸ್ಥಳೀಯ ಸಂಸ್ಥೆಗಳ ಹಣಕಾಸಿಗೆ ಚೇತರಿಕೆ ತರುವ ಪ್ರಶ್ನೆಯನ್ನೂ ಸಮಿತಿ ಪರಿಶೀಲಿಸಬೇಕಾಯಿತು. ನನ್ನ ದೃಷ್ಟಿಯಲ್ಲಿ ಅದರ ತೂಕವಿರುವುದು ಇಲ್ಲೇ. ವರದಿಯ ಆಧಾರದ ಮೇಲೆ ದೇವರಾಜ ಅರಸು ಸರ್ಕಾರ ಹಲವೆಡೆ ಜಕಾತಿ ವಸೂಲಿ ಮಾಡುವ ಪದ್ಧತಿಯನ್ನು ಕೈಬಿಟ್ಟಿತು. ಜಕಾತಿಯ ಬದಲಿಗೆ 1979ರ ಕಾಯ್ದೆಯಿಂದ ಪ್ರವೇಶ ತೆರಿಗೆ ಬಂತು. ವಸೂಲಿ ರಸ್ತೆಯಿಂದ ವರ್ತಕರ ಲೆಕ್ಕದ ಪುಸ್ತಕಕ್ಕೆ ಸರಿಯಿತು. ಕಮಲಾಪುರದ ಕೆಂಪು ಬಾಳೆಯಂಥ, ಹೊತ್ತು ಕಾಯದ ಸರಕಿಗೆ ರಸ್ತೆ ತೆರವಾಗುವುದೆಂದರೆ ಏನೆಂದು ಬೆಳೆಗಾರರಿಗೆ ಹೇಳಿಕೊಡಬೇಕಿಲ್ಲ. ಜೊತೆಗೇ ಪುರಸಭೆಗಳು ಸ್ವಂತ ಗಳಿಕೆಯೊಂದನ್ನು ಕಳೆದುಕೊಂಡು ರಾಜ್ಯದ ಅನುದಾನಕ್ಕೆ ಕೈಯೊಡ್ಡುವಂತಾಯಿತು. ಈ ಬೆಲೆಯನ್ನು ಮುಚ್ಚಿಟ್ಟು ಸುಧಾರಣೆಯನ್ನು ಹೊಗಳುವುದು ನ್ಯಾಯವಲ್ಲ.

1972ರ ಗೆಲುವೂ ಸೇರಿ ಖರ್ಗೆ ಗುರುಮಠಕಲ್‌ನಿಂದ ಎಂಟು ಬಾರಿ, 2008ರಲ್ಲಿ ಚಿತ್ತಾಪುರದಿಂದ, ಸತತ ಒಂಬತ್ತು ಬಾರಿ ವಿಧಾನಸಭೆಗೆ ಗೆದ್ದರು. 2022ರಲ್ಲಿ ಕಾಂಗ್ರೆಸ್ ಅಧ್ಯಕ್ಷರಾದರು. 2017ರ ಜುಲೈನಲ್ಲಿ ಜಿಎಸ್‌ಟಿ ಬಂದು ಪ್ರವೇಶ ತೆರಿಗೆ ಅದರಲ್ಲಿ ವಿಲೀನವಾದಾಗ, ಅವರು ಲೋಕಸಭೆಯಲ್ಲಿ ಕಾಂಗ್ರೆಸ್ ಪಕ್ಷದ ನಾಯಕರಾಗಿ ಕಲಬುರಗಿಯನ್ನೇ ಪ್ರತಿನಿಧಿಸುತ್ತಿದ್ದರು.