ಆನುವಂಶಿಕ ತಾಳಿಕೆ ಮತ್ತು ರಕ್ತಸಂಬಂಧದ ಮದುವೆ

ಜೀನ್‌ನಲ್ಲಿ ದೋಷವಿದ್ದರೂ ಜೀವಕೋಶ ಎಂದಿನಂತೆ ನಡೆದುಕೊಂಡು ಹೋಗುವ ಗುಣವನ್ನು ಆನುವಂಶಿಕ ತಾಳಿಕೆ ಎನ್ನಬಹುದು. ಜೀನ್ ರೂಪಿಸುವ ಪ್ರೋಟೀನ್‌ಗಳು ಸಾಮಾನ್ಯವಾಗಿ ಒಂಟಿಯಾಗಿ ದುಡಿಯುವುದಿಲ್ಲ. ಒಂದರ ಕೊರತೆಯನ್ನು ಅದರ ಸುತ್ತಲಿನ ಜಾಲ ಬಹುಮಟ್ಟಿಗೆ ತುಂಬಿಕೊಡುತ್ತದೆ. ಯೀಸ್ಟ್‌ನ ಸುಮಾರು 6000 ಜೀನ್‌ಗಳಲ್ಲಿ, ಅದೊಂದನ್ನು ತೆಗೆದರೆ ಕೋಶವೇ ಬದುಕದು ಎನ್ನುವಂಥವು ಐದರಲ್ಲಿ ಒಂದು ಪಾಲಿಗಿಂತ ಕಡಿಮೆ. ಹೆಚ್ಚು ಪ್ರೋಟೀನ್‌ಗಳೊಡನೆ ನಂಟಿರುವ ಪ್ರೋಟೀನ್ ಇಲ್ಲವಾದರೆ ಮಾತ್ರ ಕೋಶ ಸಾಯುವ ಸಂಭವ ಹೆಚ್ಚು ಎಂದು 2001ರಲ್ಲಿ ಬರಬಾಶಿ ಮತ್ತು ಸಂಗಡಿಗರು ತೋರಿಸಿದರು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ, ಕರ್ನಾಟಕದ ಬೇರೆಡೆಯಂತೆ, ಅಕ್ಕನ ಮಗಳನ್ನೋ ಸೋದರತ್ತೆಯ ಮಗಳನ್ನೋ ತಂದುಕೊಳ್ಳುವುದು ಅನೇಕ ಸಮುದಾಯಗಳ ಹಳೆಯ ರೂಢಿ. ಅಕ್ಕನ ಮಗಳನ್ನು ಮದುವೆಯಾದವರ ಮಗುವಿನಲ್ಲಿ ಯಾವುದೇ ಜೀನ್‌ನ ಎರಡೂ ಪ್ರತಿಗಳು ಒಬ್ಬರೇ ಹಿರಿಯರಿಂದ ಇಳಿದುಬಂದಿರುವ ಸಂಭವ 8ರಲ್ಲಿ 1. ಸೋದರತ್ತೆಯ ಮಗಳಾದರೆ 16ರಲ್ಲಿ 1. ಆ ಎರಡೂ ಪ್ರತಿಗಳು ಕೆಟ್ಟವಾಗಿದ್ದರೆ ತಾಳಿಕೆಯ ಎಲ್ಲೆ ತಿಳಿಯುತ್ತದೆ.

ಫೀನೈಲ್‌ಕೀಟೋನ್ಯೂರಿಯಾ ಎಂಬ ಆನುವಂಶಿಕ ಕಾಯಿಲೆ ಇದಕ್ಕೆ ಒಳ್ಳೆಯ ಉದಾಹರಣೆ. ಫೀನೈಲಲನಿನ್ ಎಂಬ ಅಮೈನೋ ಆಮ್ಲವನ್ನು ಮಾರ್ಪಡಿಸುವ ಯಕೃತ್ತಿನ ಕಿಣ್ವ ನಾಲ್ಕು ಸರಪಳಿಗಳು ಕೂಡಿ ಆದದ್ದು. ತಂದೆತಾಯಿಗಳಲ್ಲಿ ಈ ಕಿಣ್ವದ ಜೀನ್‌ನ ಒಂದು ಪ್ರತಿ ಕೆಟ್ಟಿದ್ದರೂ ಇನ್ನೊಂದರಿಂದ ಕೆಲಸ ಸಾಗುತ್ತದೆ; ಅವರಿಗೆ ದೋಷದ ಸುಳಿವೇ ಇರುವುದಿಲ್ಲ. ಹಲವು ಕಿಣ್ವಗಳು ಸಾಲಾಗಿ ದುಡಿಯುವಲ್ಲಿ ಒಂದು ಅರ್ಧಕ್ಕಿಳಿದರೂ ಒಟ್ಟು ವೇಗ ಅಷ್ಟಾಗಿ ಕುಗ್ಗದು ಎಂದು 1981ರಲ್ಲಿ ಕ್ಯಾಕ್ಸರ್ ಮತ್ತು ಬರ್ನ್ಸ್ ವಿವರಿಸಿದ್ದರು. ಎರಡೂ ಪ್ರತಿ ಕೆಟ್ಟ ಮಗುವಿನಲ್ಲಿ ಆ ಆಸರೆ ಇಲ್ಲ. ಫೀನೈಲಲನಿನ್ ರಕ್ತದಲ್ಲಿ ಏರಿ ಮಿದುಳನ್ನು ಕೆಡಿಸುತ್ತದೆ. ಇಂಥ ಮಗು ಹುಟ್ಟಿದಾಗ ತಾಯಿಯೊಬ್ಬಳನ್ನೇ ದೂರುವುದು ಅನ್ಯಾಯ. ಕೆಟ್ಟ ಪ್ರತಿ ಇಬ್ಬರಿಂದಲೂ ಬಂದಿರುತ್ತದೆ.

ಈ ಕಿಣ್ವದ ಅನೇಕ ದೋಷಗಳು ಅದರ ಸರಪಳಿಗಳ ಮಡಿಕೆಯನ್ನು ಸಡಿಲಗೊಳಿಸುತ್ತವೆ. ಸಪ್ರಾಪ್ಟರಿನ್ ಔಷಧ ಕೆಲವರಲ್ಲಿ ಆ ಸಡಿಲ ಕಿಣ್ವವನ್ನು ಹಿಡಿದು ನಿಲ್ಲಿಸುತ್ತದೆ. ಕೋಶದೊಳಗೂ ಪ್ರೋಟೀನ್‌ಗಳ ಮಡಿಕೆ ಕಾಯುವ ಸಹಾಯಕ ಪ್ರೋಟೀನ್‌ಗಳಿವೆ. ಅವುಗಳಲ್ಲೊಂದಾದ ಎಚ್‌ಎಸ್‌ಪಿ90ಯನ್ನು ಕುಗ್ಗಿಸಿದರೆ ಹಣ್ಣುನೊಣಗಳಲ್ಲಿ ಅಡಗಿದ್ದ ಆನುವಂಶಿಕ ವ್ಯತ್ಯಾಸಗಳು ಕಣ್ಣು, ರೆಕ್ಕೆಗಳ ವಿಕಾರವಾಗಿ ಹೊರಬೀಳುತ್ತವೆ ಎಂದು 1998ರಲ್ಲಿ ರುದರ್‌ಫರ್ಡ್ ಮತ್ತು ಲಿಂಡ್‌ಕ್ವಿಸ್ಟ್ ತೋರಿಸಿದರು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಮತ್ತು ಸಹೋದ್ಯೋಗಿಗಳು 1980ರ ದಶಕದಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ಹುಟ್ಟಿದ ಶಿಶುಗಳ ರಕ್ತದಲ್ಲಿ ಅಮೈನೋ ಆಮ್ಲಗಳ ದೋಷಗಳನ್ನು ಹುಡುಕಿದರು. ಅಲನ್ ಬಿಟಲ್ಸ್ ಜೊತೆ ಅವರು ಅದೇ ದಾಖಲೆಗಳಿಂದ ತಂದೆತಾಯಿಗಳ ನಂಟನ್ನೂ ಲೆಕ್ಕ ಹಾಕಿದಾಗ ಮೂರರಲ್ಲಿ ಒಂದರಷ್ಟು ಮದುವೆಗಳು ರಕ್ತಸಂಬಂಧದೊಳಗಿನವು ಎಂದು ಕಂಡುಬಂತು. ಹಿಮ್ಮಡಿಯಿಂದ ತೆಗೆದ ಕೆಲವು ಹನಿ ರಕ್ತದಲ್ಲಿಯೇ ಫೀನೈಲ್‌ಕೀಟೋನ್ಯೂರಿಯಾ ಪತ್ತೆಯಾಗುತ್ತದೆ. ಮೊದಲ ವಾರಗಳಲ್ಲೇ ಪಥ್ಯ ಶುರುವಾದರೆ ಮಗುವಿನ ಬುದ್ಧಿ ಉಳಿಯುತ್ತದೆ.